ಮೂವತ್ತು ದಿನ, ಎಲ್ಲರಿಗೂ

ಜನವರಿ ೬

ಅಪ್ಪಾ,

ಸಾಷ್ಟಾಂಗ ಗೀಷ್ಟಾಂಗ ಎಂದು ಶುರುಮಾಡುವುದಿಲ್ಲ. ಯಾರೂ ಯಾರ ಕಾಲಿಗೂ ಬೀಳಬಾರದೆಂದು ನಾನು ತೀರ್ಮಾನಿಸಿ ಎರಡು ವರ್ಷವಾಯಿತು, ನಿನಗೆ ಗೊತ್ತು. ಗಂಟಲಿನ ಆಪರೇಷನ್ ಚೆನ್ನಾಗಿ ಆಯಿತೆಂದು, ನೀನೂ ಅಮ್ಮನೂ ವಾಸಿಯಾಗುವವರೆಗೆ ಅವಳ ಮನೆಯಲ್ಲೇ ಇರುತ್ತೀರೆಂದು ಅಕ್ಕ ಫೋನ್ ಮಾಡಿದ್ದಳು. ನಾಲ್ಕು ತಿಂಗಳು ಪಿಸುಮಾತನ್ನೂ ಆಡಕೂಡದಂತೆ. ಆಡಬೇಡ. ನೀನು ಬರುವವರೆಗೆ ಅಂಗಡಿ ನಾನು ನೋಡಿಕೊಳ್ಳುತ್ತೇನೆ, ಆದರೆ ಅದರ ವಿಷಯ ಫೋನಿನಲ್ಲಿ ಬೇಡ. ನೀನು ಸನ್ನೆ ಮಾಡಿ, ಅಮ್ಮ ಅದನ್ನು ತನಗೆ ತೋಚಿದಂತೆ ಓದಿ ನನಗೆ ಹೇಳಿದರೆ, ದಾರ ಕೇಳಿದವನಿಗೆ ನಾನು ಜಿಪ್ಪು ಕಟ್ಟಿಕೊಡಬೇಕಾಗುತ್ತದೆ. ಕಾಗದವೇ ಬರೆಯೋಣ.

ಗುಂಡಿ, ದಾರ, ಜಿಪ್ಪು, ಲೈನಿಂಗ್ ಬಟ್ಟೆ. ದರ್ಜಿಗಳಿಗೆ ಇಷ್ಟನ್ನು ಮಾರುವ ಹತ್ತಡಿ ಅಂಗಡಿಯಲ್ಲಿ ಇಷ್ಟೊಂದು ಅನ್ಯಾಯ ಹಿಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರು ದಿನ ಕೂತು ನಿನ್ನ ಉದ್ರಿ ಪುಸ್ತಕ ಓದಿದೆ. ಸಮವಸ್ತ್ರದ ಕಂಪನಿಗೆ ತೊಂಬತ್ತು ದಿನದ ವಾಯಿದೆ. ಅವರು ಕೊಡುವುದು ನೂರನಲವತ್ತನೆಯ ದಿನಕ್ಕೆ. ಅದರ ಮೇಲೆ ನೂರಕ್ಕೆ ಎಂಟು ರಿಯಾಯಿತಿ ಬೇರೆ. ಒಂದೇ ಮೆಷಿನ್ ಇಟ್ಟುಕೊಂಡು ಸಫಾರಿ ಸೂಟು ಹೊಲಿಯುವ ಸಫಾರಿ ಮಾವನಿಗೆ ಮಾತ್ರ ಒಂದು ಸೂಜಿಯೂ ಉದ್ರಿ ಇಲ್ಲ. ಇರುವವನಿಗೆ ಕಾಯುತ್ತೀಯ, ಇಲ್ಲದವನಿಗೆ ಕೈ ಚಾಚುತ್ತೀಯ. ನಮ್ಮ ಬಂಡವಾಳದಲ್ಲಿ ಮೂರರಲ್ಲಿ ಎರಡು ಪಾಲು ಈಗ ಆ ಕಂಪನಿಯ ಕಪಾಟಿನಲ್ಲಿ ಬಿಲ್ಲುಗಳಾಗಿ ಮಲಗಿದೆ.

ಇನ್ನು ಕಾಜಕ್ಕನ ಪುಟ. ತಾನೂ ಸೇರಿ ಏಳು ಜನ ಹೆಂಗಸರನ್ನು ಕಟ್ಟಿಕೊಂಡು, ಯಜಮಾನನಿಲ್ಲದೆ, ಬಂದದ್ದನ್ನು ಸಮನಾಗಿ ಹಂಚಿಕೊಂಡು ಹೊಲಿಯುವ ಹೆಂಗಸು ಆಕೆ. ನಾನು ಕಿರುಹೊತ್ತಿಗೆಗಳಲ್ಲಿ ಓದಿದ್ದೆಲ್ಲ ನಮ್ಮ ಬೀದಿಯ ಕೊನೆಯಲ್ಲೇ ನಡೆಯುತ್ತಿದೆ. ಆಕೆಯ ಪುಟದಲ್ಲಿ ಕೊಟ್ಟದ್ದಿದೆ, ಬಂದದ್ದಿದೆ, ಯಾವಾಗ ಕೊಡಬೇಕೆಂಬ ತಾರೀಖೇ ಇಲ್ಲ. ಅದು ದಯೆ ಅಪ್ಪಾ. ದಯೆ ಇವತ್ತು ಇರುತ್ತದೆ, ನಾಳೆ ನಿನಗೆ ತಲೆನೋವು ಬಂದರೆ ಇರುವುದಿಲ್ಲ. ಆಕೆಗೆ ಬೇಕಾದ್ದು ಹಕ್ಕು.

ಆದ್ದರಿಂದ ಒಂದು ಹಾಳೆ ಅಚ್ಚು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದ್ದೇನೆ. ಎಲ್ಲರಿಗೂ ಮೂವತ್ತು ದಿನ ಉದ್ರಿ. ಯಾರಿಗೂ ರಿಯಾಯಿತಿ ಇಲ್ಲ. ಮೂವತ್ತೊಂದನೆಯ ದಿನ ಬಾಕಿ ಇದ್ದರೆ ಸರಕು ಬಂದ್. ಮುಖ ನೋಡಿ ಮಣೆ ಹಾಕುವ ಪದ್ಧತಿ ಈ ಅಂಗಡಿಯಲ್ಲಿ ಮುಗಿಯಿತು.

ಬಿಸಿಯಾದದ್ದು ಕುಡಿಯಬೇಡ.

ಯಾರ ಕಾಲಿಗೂ ಬೀಳದ,
ನಿನ್ನ ಕಿರಿಮಗಳು


ಜನವರಿ ೧೫

ಚೂಟಿ,

ನಿನ್ನ ಕಾಗದವನ್ನು ನಿಮ್ಮಮ್ಮ ಜೋರಾಗಿ ಓದಿದಳು. ‘ಅನ್ಯಾಯ’ ಬಂದಲ್ಲೆಲ್ಲ ನಿಲ್ಲಿಸಿ ನನ್ನನ್ನು ನೋಡಿದಳು.

ಸಫಾರಿ ಮಾವನಿಗೆ ಉದ್ರಿ ಕೊಡಬೇಡ. ಕಾರಣ ಕೇಳಬೇಡ. ಕಂಪನಿಗೆ ಏನಾದರೂ ಬರೆಯುವ ಮೊದಲು ಒಂದು ಮಂಗಳವಾರ ಅಲ್ಲಿಗೆ ಹೋಗಿ ನಿಂತು ಬಾ. ಉಳಿದವರ ದುಡ್ಡು ಅವರವರಿಗೆ ಬಂದಾಗ ನಮಗೆ ಬರುತ್ತದೆ. ಶಾಲೆ ಬಟ್ಟೆಯವನಿಗೆ ಶಾಲೆ ತೆರೆದ ಮೇಲೆ. ಪರದೆ ಹೊಲಿಯುವವನಿಗೆ ಜನ ಬಾಡಿಗೆ ಮನೆ ಬದಲಿಸುವ ತಿಂಗಳಲ್ಲಿ. ಕಾಜಕ್ಕನ ಪುಟದಲ್ಲಿ ತಾರೀಖು ಮರೆತುಹೋದದ್ದಲ್ಲ.

ಹೆಚ್ಚು ಬರೆದರೆ ಕತ್ತು ಬಗ್ಗಿ ಹೊಲಿಗೆ ಎಳೆಯುತ್ತದೆ.

ಅಮ್ಮ ಬರೆಸಿದ್ದು: ‘ಹಾಳೆ ಅಂಟಿಸಿದ್ದು ಸಾಕು, ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ ಹೇಳು. ಇಲ್ಲಿ ಇಬ್ಬರ ಪಾಲಿಂದೂ ನಾನೊಬ್ಬಳೇ ಮಾತಾಡಿ ಬಾಯಿ ನೋಯ್ತಿದೆ.’

ಮೌನಿ,
ಅಪ್ಪ


ಫೆಬ್ರವರಿ ೨

ಅಪ್ಪಾ,

‘ಕಾರಣ ಕೇಳಬೇಡ.’ ಇಡೀ ಜಗತ್ತಿನ ರೋಗ ಈ ಎರಡು ಪದಗಳಲ್ಲಿದೆ. ಕಾರಣ ಹೇಳಲಾಗದ ನಿಯಮ ನಿಯಮವೇ ಅಲ್ಲ. ಸಫಾರಿ ಮಾವನಿಗೆ ಉದ್ರಿ ಕೊಟ್ಟೆ. ಹಾಳೆ ಓದಿ ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

‘ಮೂವತ್ತು ದಿನ ಉದ್ರಿನಾ? ನನಗಾ?’

‘ನಿಮಗೂ ಮಾವ. ಎಲ್ಲರಿಗೂ ಒಂದೇ.’

‘ಅಮ್ಮಾ ತಾಯೀ, ನಿಮ್ಮಪ್ಪನ ಗಂಟಲು ನಿಧಾನಕ್ಕೇ ವಾಸಿಯಾಗ್ಲಿ!’

ಎರಡು ಕೈಚೀಲ ತುಂಬಿಸಿಕೊಂಡು ಹೋದ. ಮನುಷ್ಯನಿಗೆ ಗೌರವ ಸಿಕ್ಕರೆ ಮುಖ ಹೇಗೆ ಅರಳುತ್ತದೆಂದು ನೀನು ನೋಡಬೇಕಿತ್ತು.

ಕಾಜಕ್ಕ ಬಂದಾಗ ಸಾಲುಸಾಲಿಗೂ ಬೆರಳಿಟ್ಟು ಓದಿದಳು. ‘ತಿಂಗಳಿಗೊಂದ್ಸಲ ಅಂತೀಯ?’ ಎಂದಳು. ‘ಹೌದಕ್ಕ, ಇನ್ಮೇಲೆ ಇದು ನಿಮ್ಮ ಹಕ್ಕು’ ಎಂದೆ. ‘ಹಕ್ಕಾ? ಹೂಂ’ ಅಂದು, ಎರಡು ರೀಲು ದಾರ ತೆಗೆದುಕೊಂಡು ಹೋದಳು.

ಮಂಗಳವಾರ ಕಂಪನಿಗೆ ಹೋಗಿದ್ದೆ, ನೀನು ಹೇಳಿದ್ದಕ್ಕಲ್ಲ, ನೋಟೀಸನ್ನು ಕೈಯಾರೆ ಕೊಡಲಿಕ್ಕೆ. ಅಂಗೈಯಗಲದ ಕಿಂಡಿ, ಅದರ ಮುಂದೆ ಮೂವತ್ತು ಜನ. ಬಿಲ್ಲು ತೆಗೆದುಕೊಳ್ಳುವುದು ವಾರಕ್ಕೊಂದೇ ದಿನ, ಹತ್ತರಿಂದ ಹನ್ನೆರಡು. ಹನ್ನೆರಡು ಹೊಡೆದಾಗ ನನ್ನ ಮುಂದೆ ಇಬ್ಬರಿದ್ದರು. ಕಿಂಡಿ ಮುಚ್ಚಿತು. ಬಾಗಿಲು ಬಡಿದೆ. ಒಳಗಿನ ಗುಮಾಸ್ತ ಕೇಳಿದ:

‘ಏನಮ್ಮ, ಬೆಂಕಿ ಬಿದ್ದಿದ್ಯಾ?’

‘ನಮ್ಮ ದುಡ್ಡು ನೂರನಲವತ್ತು ದಿನದಿಂದ ನಿಮ್ಮಲ್ಲೇ ಇದೆ.’

‘ಇರಲಿ ಬಿಡಿ, ಎಲ್ಲೂ ಓಡಿ ಹೋಗಲ್ಲ. ಮುಂದಿನ ಮಂಗಳವಾರ ಬನ್ನಿ. ನಿಮ್ಮಪ್ಪ ಆಗಿದ್ರೆ ಒಂಬತ್ತಕ್ಕೇ ಬಂದು ನಿಂತಿರ್ತಿದ್ರು.’

ನೋಟೀಸನ್ನು ಬಾಗಿಲಿನ ಕೆಳಗಿಂದ ತೂರಿಸಿ ಬಂದೆ. ನೀನು ಇಪ್ಪತ್ತೆರಡು ವರ್ಷ ಒಂಬತ್ತಕ್ಕೇ ಹೋಗಿ ಆ ಕಿಂಡಿಯ ಮುಂದೆ ನಿಲ್ಲುತ್ತಿದ್ದೆ ಎಂಬುದು ನನಗೆ ಗೊತ್ತಿರಲಿಲ್ಲ. ಮಂಗಳವಾರ ನೀನು ಇಸ್ತ್ರಿ ಅಂಗಿ ಹಾಕುತ್ತಿದ್ದದ್ದು ಮಾತ್ರ ಗೊತ್ತಿತ್ತು.

ಒಂದು ಒಳ್ಳೆಯ ಸುದ್ದಿ. ಮೇಲಿನ ಹಲಗೆಯ ಮೇಲೆ ಹನ್ನೊಂದು ತಗಡಿನ ಡಬ್ಬಿಗಳಿದ್ದವಲ್ಲ, ಮುಚ್ಚಳಕ್ಕೆ ಚೂರು ಬಟ್ಟೆ ಅಂಟಿಸಿ ಅದರ ಮೇಲೆ ಒಂದೊಂದು ಗುಂಡಿ ಹೊಲಿದಿಟ್ಟದ್ದು? ಅವು ಯಾವ ಪುಸ್ತಕದಲ್ಲೂ ಇಲ್ಲ. ಮಾರಾಟವಾಗದೆ ಧೂಳು ತಿನ್ನುತ್ತಿದ್ದ ಸರಕು. ಹಳೆ ದಾಸ್ತಾನು ಕೊಳ್ಳುವ ಮೂಟೆ ವ್ಯಾಪಾರಿ ಬಂದಿದ್ದ, ಅಷ್ಟನ್ನೂ ನಗದಿಗೆ ಕೊಟ್ಟುಬಿಟ್ಟೆ. ಆ ದುಡ್ಡಿನಿಂದ ದಾರದ ಮಿಲ್ಲಿನ ಬಾಕಿ ತೀರಿತು. ಹಲಗೆ ಈಗ ಖಾಲಿ, ಚೊಕ್ಕಟ.

ಊಟ ಮಾಡುತ್ತಿದ್ದೇನೆಂದು ಅಮ್ಮನಿಗೆ ಹೇಳು. ಬರೆದು ಹೇಳು.

ಕಿಂಡಿಗೆ ಬಗ್ಗದ,
ಮಗಳು


ಫೆಬ್ರವರಿ ೨೧

ಮಾನ್ಯರೇ,

ತಾವು ಬಾಗಿಲಿನ ಕೆಳಗಿನಿಂದ ಸಲ್ಲಿಸಿದ ‘ಹೊಸ ಪಾವತಿ ನಿಯಮಗಳು’ ತಲುಪಿವೆ. ನಮ್ಮ ಕಂಪನಿಯ ಪಾವತಿ ನೀತಿ ಈ ಕೆಳಗಿನಂತಿದ್ದು, ಅದರಲ್ಲಿ ಬದಲಾವಣೆ ಇರುವುದಿಲ್ಲ.

ತೊಂಬತ್ತು ದಿನಗಳ ಅವಧಿಯು ಬಿಲ್ಲಿನ ದಿನಾಂಕದಿಂದಾಗಲಿ, ಸರಕು ತಲುಪಿದ ದಿನಾಂಕದಿಂದಾಗಲಿ ಆರಂಭವಾಗುವುದಿಲ್ಲ. ಆದೇಶದ ಕಟ್ಟಕಡೆಯ ವಸ್ತುವನ್ನು ತಪಾಸಣೆ ಮಾಡಿ ಮೊಹರು ಹಾಕಿದ ದಿನದಿಂದ ಆರಂಭವಾಗುತ್ತದೆ. ತಮ್ಮ ಸೆಪ್ಟೆಂಬರ್ ಬಿಲ್ಲಿನಲ್ಲಿ ಎರಡು ಗ್ರೋಸ್ (ಇನ್ನೂರ ಎಂಬತ್ತೆಂಟು) ಗುಂಡಿಗಳ ತಪಾಸಣೆ ಬಾಕಿ ಇರುವುದರಿಂದ ಸದರಿ ಬಿಲ್ಲು ಇನ್ನೂ ಬಂದಿಲ್ಲವೆಂದೇ ಪರಿಗಣಿಸಲಾಗಿದೆ. ಆದ್ದರಿಂದ ವಿಳಂಬದ ಪ್ರಶ್ನೆ ಉದ್ಭವಿಸುವುದಿಲ್ಲ.

ತಪಾಸಣೆ ಯಾವಾಗ ಎಂಬ ಪ್ರಶ್ನೆ ಬಂದಲ್ಲಿ: ಸರದಿಯ ಪ್ರಕಾರ.

ತಮ್ಮ ವಿಶ್ವಾಸಿ,
ಖರೀದಿ ವಿಭಾಗದ ಪರವಾಗಿ


ಮಾರ್ಚ್ ೪

ಅಪ್ಪಾ,

ಅವರ ಕಾಗದದ ನಕಲು ಇದರ ಜೊತೆಗಿದೆ. ಓದು. ಐದು ತಿಂಗಳ ಹಿಂದೆ ಕೊಟ್ಟ ಗುಂಡಿಗಳು ಅವರ ಅಂಗಿಗಳಿಗೆ ಹೊಲಿಗೆಯಾಗಿ, ಆ ಅಂಗಿಗಳು ಯಾರ ಯಾರ ಮೈಮೇಲೋ ಹತ್ತಾರು ಸಲ ಒಗೆತ ಕಂಡಿವೆ. ಬಿಲ್ಲು ಮಾತ್ರ ‘ಇನ್ನೂ ಬಂದಿಲ್ಲ’. ಓದಿ ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಬಾಗಿಲು ಹಾಕಿ ಬಂದು ಹಾಳೆಯ ಮುಂದೆ ನಿಂತೆ. ಮೂವತ್ತೊಂದನೆಯ ದಿನ, ಸರಕು ಬಂದ್. ಬಂದ್ ಮಾಡಿದೆ.

ಅವರ ಲಾರಿ ಬಂದು ಬರಿಗೈಯಲ್ಲಿ ಹೋಯಿತು. ‘ಮೇಡಂ, ಇದು ತಮಾಷೆನಾ?’ ಎಂದ ಡ್ರೈವರ್. ‘ನಿಮ್ಮ ಸಾಹೇಬರಿಗೆ ಹೇಳಿ, ತಮಾಷೆ ಸರದಿಯ ಪ್ರಕಾರ ಅಂತ’ ಎಂದೆ. ಎರಡೇ ದಿನ ಹಿತವಾಗಿತ್ತು. ಮೂರನೆಯ ದಿನ ಅದೇ ಲಾರಿ ಎದುರು ಬೀದಿಯ ಸಗಟು ಅಂಗಡಿಯ ಮುಂದೆ ನಿಂತಿತ್ತು. ಡ್ರೈವರ್ ನನಗೆ ಕೈ ಬೀಸಿದ.

ಸಫಾರಿ ಮಾವ ಬೀದಿ ಬದಲಿಸಿ ಓಡಾಡುತ್ತಿದ್ದಾನೆ. ನಿನ್ನೆ ಎದುರಿಗೇ ಸಿಕ್ಕಾಗ ‘ಎಲ್ಲರಿಗೂ ಒಂದೇ ಅಂದ್ಯಲ್ಲಮ್ಮ, ಕಂಪನಿಯವರು ಕೊಟ್ಟ ದಿನ ನಾನೂ ಕೊಡ್ತೀನಿ’ ಎಂದ. ಇದನ್ನು ಬರೆಯುವಾಗ ನನಗೆ ಹಲ್ಲು ಕಡಿಯುವಂತಾಗುತ್ತಿದೆ.

ಇನ್ನೊಂದು ವಿಷಯ. ಕಾಜಕ್ಕನ ಬಾಕಿಗೂ ಮೂವತ್ತು ದಿನ ದಾಟಿತು. ಬಂದು ಗುಂಡಿ ಕೇಳಿದಳು. ಇಲ್ಲವೆಂದೆ. ಕಂಪನಿಗೆ ಹಾಕಿದ ನಿಯಮವನ್ನು ನನಗೆ ಬೇಕಾದವರಿಗೆ ಹಾಕದಿದ್ದರೆ ನನಗೂ ಆ ಕಿಂಡಿಯವನಿಗೂ ಏನು ವ್ಯತ್ಯಾಸ? ಆಕೆ ಜಗಳವಾಡಲಿಲ್ಲ. ‘ಅಪ್ಪ ಯಾವಾಗ ಬರ್ತಾರೆ?’ ಎಂದಷ್ಟೇ ಕೇಳಿದಳು. ಆ ಪ್ರಶ್ನೆ ನನಗೆ ಇಷ್ಟವಾಗಲಿಲ್ಲ.

ನ್ಯಾಯಕ್ಕೆ ಖರ್ಚು ಇರುತ್ತದೆಂದು ಓದಿದ್ದೆ. ಅದು ಹೀಗೆ ತಪ್ಪು ವಿಳಾಸಕ್ಕೆ ಹೋಗುತ್ತದೆಂದು ಎಲ್ಲೂ ಬರೆದಿರಲಿಲ್ಲ.

ನಿನ್ನ,
ಹಠಮಾರಿ


ಮಾರ್ಚ್ ೧೧

ಚೂಟಿ,

ಕಾಜಕ್ಕ ಯಾರ ಅಂಗಿ ಹೊಲಿಯುತ್ತಿದ್ದಾಳೆಂದು ಕೇಳಿದೆಯಾ?

ಅಪ್ಪ


ಮಾರ್ಚ್ ೧೪

ಗುಂಡಿ ಅಂಗಡಿಯ ತಂಗಿಗೆ,

ಬಾಯಲ್ಲಿ ಹೇಳಿದರೆ ಸಿಟ್ಟು ಹೆಚ್ಚಾದೀತು ಅಂತ ಬರೆದು ನಿಮ್ಮ ಬಾಗಿಲ ಸಂದಿಯಲ್ಲಿ ಹಾಕುತ್ತಿದ್ದೇನೆ.

ನಮ್ಮ ಕೈಯಲ್ಲಿ ಸಮವಸ್ತ್ರದ ಕಂಪನಿಯ ಆರುನೂರು ಅಂಗಿಗಳಿವೆ. ಕಂಪನಿ ಬಟ್ಟೆ ಕತ್ತರಿಸಿ ಕೊಡುತ್ತದೆ. ದಾರ ಗುಂಡಿ ನಮ್ಮದೇ. ಅವರು ನಮಗೆ ದುಡ್ಡು ಕೊಡುವುದು ಮಾಲು ಒಪ್ಪಿಸಿ ತೊಂಬತ್ತು ದಿನಕ್ಕೆ. ಹೋದ ಸಲದ್ದು ಇನ್ನೂ ಬಂದಿಲ್ಲ. ಅಲ್ಲಿಂದ ಬಂದರೆ ತಾನೇ ನಿಮಗೆ? ನಿಮ್ಮಪ್ಪನಿಗೆ ಇದು ಗೊತ್ತು. ಅದಕ್ಕೇ ನನ್ನ ಪುಟದಲ್ಲಿ ತಾರೀಖು ಹಾಕುತ್ತಿರಲಿಲ್ಲ. ಅವರು ದಯೆ ತೋರಿಸಲಿಲ್ಲ, ಲೆಕ್ಕ ಹಾಕಿದ್ದರು. ಕಂಪನಿಯ ಮುಂದೆ ಅವರು ನಿಮ್ಮ ಬಾಕಿಗಾಗಿ ಕಾಯುತ್ತಿದ್ದರು, ನಾನು ನನ್ನ ಬಾಕಿಗಾಗಿ. ಮಂಗಳವಾರ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು.

ಮುನ್ನೂರನಲವತ್ತು ಅಂಗಿಗೆ ಗುಂಡಿ ಹಾಕಿ ಆಗಿದೆ. ಇನ್ನೂರ ಅರವತ್ತು ಬಾಯಿ ತೆರೆದುಕೊಂಡು ಬಿದ್ದಿವೆ. ಇಪ್ಪತ್ತೆಂಟನೇ ತಾರೀಖಿಗೆ ಒಪ್ಪಿಸದಿದ್ದರೆ ಬಟ್ಟೆಯ ಬೆಲೆ ನಮ್ಮ ತಲೆಮೇಲೆ. ಬೇರೆ ಅಂಗಡಿಗಳಿಗೆ ಹೋಗಿ ಬಂದೆ. ಈ ಅಂಗಿಗೆ ಹಾಕಿದ ನೀಲಿ ಗುಂಡಿ ಎಲ್ಲೂ ಇಲ್ಲ. ಅದು ನಿಮ್ಮ ಮೇಲಿನ ಹಲಗೆಯ ಡಬ್ಬಿಯಲ್ಲಿದೆ. ಈ ಆರ್ಡರಿಗೆ ಅಂತಲೇ ಮೂವತ್ತು ಗ್ರೋಸ್ ನಿಮ್ಮಪ್ಪ ನನ್ನ ಕಣ್ಣೆದುರಿಗೇ ಎತ್ತಿಟ್ಟದ್ದು. ಅದರಲ್ಲಿ ಹದಿನೇಳು ತಂದಿದ್ದೇನೆ, ಇನ್ನು ಹದಿಮೂರು ಅಲ್ಲೇ ಇರಬೇಕು.

ನಿಮ್ಮ ಹಾಳೆಯ ಪ್ರಕಾರ ನಾವೂ ಆ ಕಂಪನಿಯೂ ಸಮಾನ. ಇಷ್ಟು ದೊಡ್ಡ ಮರ್ಯಾದೆ ನಮಗೆ ಯಾರೂ ಕೊಟ್ಟಿರಲಿಲ್ಲ.

ಇತಿ,
ಏಳು ಜನರ ಪರವಾಗಿ ಕಾಜಕ್ಕ


ಮಾರ್ಚ್ ೧೭

ಅಪ್ಪಾ,

ಕಾಜಕ್ಕನ ಕಾಗದವನ್ನು ಇದರಲ್ಲಿ ಮಡಿಚಿ ಇಟ್ಟಿದ್ದೇನೆ. ಓದಿ ವಾಪಸು ಕಳಿಸು, ಅದು ನನ್ನ ಹತ್ತಿರ ಇರಬೇಕು.

ಆ ಡಬ್ಬಿಗಳು ಮಾರಾಟವಾಗದ ಸರಕಲ್ಲ. ಒಬ್ಬೊಬ್ಬರಿಗೆಂದು ನೀನು ಎತ್ತಿಟ್ಟದ್ದು. ಇದನ್ನು ನನಗೆ ಗಿರಾಕಿಯೊಬ್ಬಳು ಬರೆದು ತಿಳಿಸಬೇಕಾಯಿತು. ಮೂಟೆ ವ್ಯಾಪಾರಿಯನ್ನು ಹುಡುಕಿಕೊಂಡು ಎರಡು ಬಸ್ಸು ಬದಲಿಸಿ ಅವನ ಗೋದಾಮಿಗೆ ಹೋದೆ. ‘ಹನ್ನೊಂದು ಡಬ್ಬಿನೂ ಒಂದೇ ಚೀಲಕ್ಕೆ ಸುರಿದೆ ಮೇಡಂ, ಡಬ್ಬಿ ಗುಜರಿಗೆ, ಚೀಲ ಹೋದ ವಾರಾನೇ ಹೋಯ್ತು’ ಎಂದ. ಎಲ್ಲಿಗೆಂದು ಅವನಿಗೇ ಗೊತ್ತಿಲ್ಲ.

ಗುಂಡಿ ಕಾರ್ಖಾನೆಯಿಂದ ಅದೇ ನಂಬರಿನ ನೀಲಿ ತರಿಸಿದೆ. ಪೆಟ್ಟಿಗೆಯಲ್ಲಿ ನೋಡಿದಾಗ ಅದೇ ಅನ್ನಿಸಿತು. ಕಾಜಕ್ಕನ ಕೋಣೆಗೆ ಹೊತ್ತುಕೊಂಡು ಓಡಿದೆ. ಆಕೆ ಹಳೆಯ ಗುಂಡಿ ಹಾಕಿದ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಸದನ್ನು ಪಕ್ಕದಲ್ಲಿಟ್ಟಳು. ಏಳು ಮೆಷಿನ್‌ಗಳೂ ನಿಂತವು. ಹೊಸದು ಒಂದು ಕೂದಲಿನಷ್ಟು ಹಸಿರಿಗೆ ಓಡುತ್ತಿತ್ತು.

‘ಬೇರೆ ಕಡಾಯಿ’ ಎಂದಳು. ‘ಒಂದು ಕಡಾಯಿಯ ಬಣ್ಣ ಇನ್ನೊಂದ್ರಲ್ಲಿ ಬರಲ್ಲ. ನಿಮ್ಮಪ್ಪ ಡಬ್ಬಿ ಇಡ್ತಿದ್ದದ್ದು ಮತ್ಯಾಕೆ?’

ಮೂಲೆಯಲ್ಲಿ ಕಾಲರು ಹೊಲಿಯುತ್ತಿದ್ದ ಹೆಂಗಸು ಹೇಳಿದಳು: ‘ಅರ್ಧ ಹಳೇದು ಅರ್ಧ ಹೊಸದು ಆದ್ರೆ ಲೋಡ್ ಪೂರ್ತಿ ವಾಪಸ್ಸು ಕಳಿಸ್ತಾರೆ. ಎಲ್ಲಾ ಒಂದೇ ಆಗಿದ್ರೆ ದುಡ್ಡು ಕಟ್ ಮಾಡ್ಕೊಂಡು ತಗೋಬಹುದು.’

ಅಂದರೆ ಹಾಕಿದ ಎರಡು ಸಾವಿರದ ಮುನ್ನೂರ ಎಂಬತ್ತು ಗುಂಡಿಗಳನ್ನು ಬಿಚ್ಚಿ, ಆರುನೂರಕ್ಕೂ ಹೊಸದು ಹಾಕಬೇಕು. ಹನ್ನೊಂದು ದಿನವಿದೆ. ಮೂವತ್ತು ಗ್ರೋಸನ್ನೂ ನಾನು ಸುಮ್ಮನೆ ಕೊಡುತ್ತೇನೆಂದೆ. ಬ್ಲೇಡು ತೆಗೆದುಕೊಂಡು ನೆಲದ ಮೇಲೆ ಕೂತೆ. ಗುಂಡಿ ಬಿಚ್ಚುವಾಗ ದಾರ ಕತ್ತರಿಸಬೇಕು, ಬಟ್ಟೆಗೆ ಗೀರು ಬೀಳಬಾರದು. ಮೊದಲ ದಿನ ಮೂವತ್ತೊಂಬತ್ತು ಅಂಗಿ ಬಿಚ್ಚಿದೆ. ಎರಡಕ್ಕೆ ಗೀರು ಬಿತ್ತು. ಕಾಜಕ್ಕ ಅವೆರಡನ್ನು ಪಕ್ಕಕ್ಕಿಟ್ಟು ರಫೂ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

ನೀನಾದರೂ ಯಾಕೆ ಹೇಳಲಿಲ್ಲ ಅಪ್ಪಾ? ಸಫಾರಿ ಮಾವನ ವಿಷಯ ಬರೆದೆ, ಪರದೆಯವನ ವಿಷಯ ಬರೆದೆ. ಡಬ್ಬಿ ಮಾರಿದೆನೆಂದು ನಾನು ಹೆಮ್ಮೆಯಿಂದ ಬರೆದ ಮೇಲೂ ನಿನ್ನಿಂದ ಒಂದು ಸಾಲಿಲ್ಲ.

ಮಗಳು


ಮಾರ್ಚ್ ೨೩

ಚೂಟಿ,

ಡಬ್ಬಿ ಮಾರಿದ ವಿಷಯ ಓದಿದ ದಿನ ನಾಲ್ಕು ಕಾಗದ ಬರೆದು ಹರಿದೆ. ಮಾರಿ ಆಗಿತ್ತು. ಬರೆದರೆ ಬೈಗುಳವಾಗುತ್ತಿತ್ತು, ಸರಕು ವಾಪಸು ಬರುತ್ತಿರಲಿಲ್ಲ. ಕಾಜಕ್ಕನ ಆರ್ಡರು ಅಷ್ಟರಲ್ಲಿ ಮುಗಿದಿರುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಅದು ತಪ್ಪು.

ಮೊದಲೇ ಏಕೆ ಹೇಳಲಿಲ್ಲವೆಂದರೆ, ಹೇಳಬೇಕೆಂದು ಹೊಳೆಯಲಿಲ್ಲ. ಗಂಟಲು ಚೆನ್ನಾಗಿದ್ದ ಇಪ್ಪತ್ತೆರಡು ವರ್ಷವೂ ಯಾರಿಗೂ ಹೇಳಿರಲಿಲ್ಲ. ಪುಸ್ತಕದಲ್ಲಿ ಬರೆದರೆ ಅದು ಬಾಕಿಯಾಗುತ್ತದೆ, ಬಾಕಿಯಾದರೆ ಅವರು ಬೇರೆ ಕಡೆ ಹೋಗಲಾರರು. ಸುಮ್ಮನೆ ಇಟ್ಟರೆ ಬೇಕಾದಾಗ ಬರುತ್ತಾರೆ, ಬೇಡವಾದರೆ ಇಲ್ಲ. ಅಷ್ಟೇ ನನ್ನ ನೀತಿ. ನಿನ್ನಂತೆ ಅಚ್ಚು ಹಾಕಿಸಿದ್ದರೆ ನಿನಗೂ ಗೊತ್ತಾಗುತ್ತಿತ್ತು.

ಗೀರು ಬೀಳದಂತೆ ಬಿಚ್ಚಬೇಕಾದರೆ ಗುಂಡಿಯ ಕೆಳಗೆ ಬಾಚಣಿಗೆ ಸೇರಿಸಿ ಕತ್ತರಿಸು.

ಅಮ್ಮ ಇವತ್ತು ಏನೂ ಬರೆಸಲಿಲ್ಲ. ನಿನ್ನ ಕಾಗದ ಆಕೆಯ ದಿಂಬಿನ ಕೆಳಗಿದೆ.

ಅಪ್ಪ


ಏಪ್ರಿಲ್ ೯

ಅಪ್ಪಾ,

ಇಪ್ಪತ್ತೆಂಟನೆಯ ತಾರೀಖು ಆರುನೂರು ಅಂಗಿಗಳನ್ನೂ ಒಪ್ಪಿಸಿದೆವು. ಬಾಚಣಿಗೆಯ ಉಪಾಯ ಕೆಲಸ ಮಾಡಿತು. ಕಂಪನಿ ‘ಬಣ್ಣ ವ್ಯತ್ಯಾಸ’ ಎಂದು ನೂರಕ್ಕೆ ಹದಿನೈದು ಕತ್ತರಿಸಿತು. ಉಳಿದದ್ದು ತೊಂಬತ್ತು ದಿನಕ್ಕೆ, ಅಂದರೆ ಎಷ್ಟು ದಿನಕ್ಕೆ ಎಂದು ನಿನಗೂ ಗೊತ್ತು. ಕತ್ತರಿಸಿದ ಹದಿನೈದೇ ಆ ಏಳು ಜನರ ಒಂದು ತಿಂಗಳ ಊಟ. ಕಾಲರಿನ ಹೆಂಗಸೂ ಇನ್ನೊಬ್ಬಳೂ ಬಿಟ್ಟು ಕಂಪನಿಯ ಒಳಗೇ ದಿನಗೂಲಿಗೆ ಸೇರಿದ್ದಾರೆ. ಈಗ ಐದು ಮೆಷಿನ್ ಓಡುತ್ತವೆ.

ನಮ್ಮ ಸೆಪ್ಟೆಂಬರ್ ಬಿಲ್ಲಿನ ಚೆಕ್ಕು ಬಂತು. ನಾನು ರದ್ದು ಮಾಡಿದ ಎಂಟರ ರಿಯಾಯಿತಿಯನ್ನು ಅವರೇ ಹಿಡಿದುಕೊಂಡಿದ್ದಾರೆ. ಇನ್ನೆರಡು ಬಿಲ್ಲು ಬಾಕಿ ಇವೆ. ಮಂಗಳವಾರ ಒಂಬತ್ತಕ್ಕೇ ಹೋಗಿ ನಿಲ್ಲುತ್ತೇನೆ. ಸಾಲಿನಲ್ಲಿರುವವರ ಹೆಸರು, ಅವರವರ ಬಾಕಿ, ಎಷ್ಟು ದಿನವಾಯಿತು, ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಹೋದ ವಾರ ಹತ್ತೊಂಬತ್ತು ಜನ ಹೇಳಿದರು. ಕಿಂಡಿಯ ಗುಮಾಸ್ತ ‘ಇದೇನಮ್ಮ, ಜನಗಣತಿನಾ?’ ಎಂದ. ‘ಸರದಿಯ ಪ್ರಕಾರ ನಿಮ್ಮನ್ನೂ ಕೇಳ್ತೀನಿ’ ಎಂದೆ. ನಕ್ಕ. ಮುಂದೆ ಏನಾಗುತ್ತದೋ ಗೊತ್ತಿಲ್ಲ.

ಹಾಳೆ ಕಿತ್ತುಹಾಕಿದೆ. ಆದರೆ ನಿನ್ನ ದಾರಿಯೇ ಸರಿಯಿತ್ತೆಂದು ಇದನ್ನು ಬರೆಯುತ್ತಿಲ್ಲ. ನಿನ್ನ ದಾರಿಯಲ್ಲಿ ಆ ಕಂಪನಿ ಇಪ್ಪತ್ತೆರಡು ವರ್ಷ ನಮ್ಮ ದುಡ್ಡಿನಲ್ಲಿ ಬದುಕಿತು, ನೀನು ಇಸ್ತ್ರಿ ಅಂಗಿ ಹಾಕಿಕೊಂಡು ಅದಕ್ಕೆ ಕಾದೆ. ಅವರಿಗೆ ಇನ್ನು ಮುಂಗಡವಿಲ್ಲದೆ ಒಂದು ಗುಂಡಿಯೂ ಇಲ್ಲ. ಉಳಿದವರ ಅಂಗಡಿಗಳಿಗೆ ನಾನೇ ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದೇನೆ. ನಿಮಗೆ ದುಡ್ಡು ಯಾರಿಂದ, ಯಾವಾಗ ಬರುತ್ತದೆಂದು ಕೇಳಿ ಬರೆದುಕೊಂಡು ಬರುತ್ತೇನೆ. ಸಫಾರಿ ಮಾವ ಪುಸ್ತಕ ನೋಡಿ ಹಿಂಬಾಗಿಲಿನಿಂದ ಹೋದ. ಅವನ ಕಾರಣ ಕೇಳಬೇಕಾಗಲಿಲ್ಲ.

ಕಾಜಕ್ಕನ ಹತ್ತಿರ ಕೊನೆಗೆ ಹೋದೆ. ಆಕೆಯ ಪುಟ ತೆರೆದು ತೋರಿಸಿದೆ. ಹಳೆಯ ಬಾಕಿ ಹೊಡೆದುಹಾಕಿದ್ದೆ, ತಾರೀಖಿನ ಜಾಗ ಖಾಲಿ ಬಿಟ್ಟಿದ್ದೆ. ‘ಮೊದಲಿನ ಹಾಗೇ ಅಕ್ಕ. ಬೇಕಾದಾಗ ತಗೊಳ್ಳಿ, ಬಂದಾಗ ಕೊಡಿ’ ಎಂದೆ. ಆಕೆ ಮೆಷಿನ್ ನಿಲ್ಲಿಸಲಿಲ್ಲ. ‘ಹೊಡೆದುಹಾಕಿದ್ದನ್ನ ಮತ್ತೆ ಬರಿ. ಅದು ನಾವು ಕೊಡೋದು’ ಎಂದಳು. ನಾನು ಪೆನ್ನು ತೆಗೆದು ಮತ್ತೆ ಬರೆದೆ.

ನಿನ್ನೆ ಅಂಗಡಿಗೆ ಬಂದಿದ್ದಳು. ಎರಡು ರೀಲು ಬಿಳಿ ದಾರ, ಒಂದು ಪೊಟ್ಟಣ ಸೂಜಿ. ಇನ್ನೂ ನಾಲ್ಕು ರೀಲು ಮುಂದಿಟ್ಟೆ, ಇವೂ ಬೇಕಾಗುತ್ತವೆ ತಗೊಳ್ಳಿ ಎಂದೆ. ತಾನು ಕೇಳಿದ್ದನ್ನು ಮಾತ್ರ ಎತ್ತಿಕೊಂಡು, ಸೆರಗಿನ ಗಂಟು ಬಿಚ್ಚಿ, ಚಿಲ್ಲರೆಯನ್ನು ಗಾಜಿನ ಮೇಲೆ ಒಂದೊಂದಾಗಿ ಎಣಿಸಿಟ್ಟಳು.

‘ಅಕ್ಕ, ದುಡ್ಡು ಈಗ ಬೇಡ.’

‘ಬೇಕು. ಎಣಿಸ್ಕೋ.’

ಎಣಿಸಿದೆ. ಸರಿಯಾಗಿತ್ತು. ಹೋಗುತ್ತಾಳೆಂದುಕೊಂಡೆ, ಹೋಗಲಿಲ್ಲ. ಕೈ ಚಾಚಿ ನಿಂತಳು.

‘ರಶೀದಿ’ ಎಂದಳು.

ಈ ಅಂಗಡಿಯಲ್ಲಿ ಆಕೆ ರಶೀದಿ ಕೇಳಿದ್ದು ಇದೇ ಮೊದಲೆಂದು ನನಗೆ ಗೊತ್ತು. ನಿನ್ನ ಪುಸ್ತಕಗಳನ್ನೆಲ್ಲ ನಾನು ಓದಿದ್ದೇನೆ. ಬರೆದು ಕೊಟ್ಟೆ. ಓದಿ, ಮಡಿಚಿ, ಗಂಟಿನೊಳಗಿಟ್ಟುಕೊಂಡು ಹೋದಳು.

ನೀನು ಬಂದ ಮೇಲೆ ನನ್ನ ಪರವಾಗಿ ಆಕೆಗೆ ಏನೂ ಹೇಳಬೇಡ. ಗಂಟಲು ವಾಸಿಯಾಗಿದ್ದರೂ ಹೇಳಬೇಡ.

ಗಲ್ಲಾಪೆಟ್ಟಿಗೆಯ ಮುಂದಿನಿಂದ,
ನಿನ್ನ ಮಗಳು